ಅಪರಾಧ ಪುಟದ ಹೌದಮ್ಮ

ಅವಳು ಪುಕ್ಕಲಿ. ಇದನ್ನು ಮೆತ್ತಗೆ ಹೇಳಿ ಪ್ರಯೋಜನವಿಲ್ಲ. ಸಂಜೆ ಪತ್ರಿಕೆಯೊಂದರ ಅಪರಾಧ ಪುಟವನ್ನು ವರ್ಷಗಟ್ಟಲೆ ತಿದ್ದಿದಳು. ಸುದ್ದಿ ಸಂಪಾದಕರು ಏನೆಂದರೂ "ಹೌದು ಸರ್" ಎಂದಳು. ಕಚೇರಿಯವರು ಹೌದಮ್ಮ ಎಂದೇ ಕರೆಯುತ್ತಿದ್ದರು. ತಿದ್ದಿದ ಹಾಳೆಯನ್ನು ಸಂಪಾದಕರ ಮೇಜಿನ ಮೇಲಿಟ್ಟು, ಅವರು ತಲೆಯೆತ್ತುವ ಮೊದಲೇ ಬೆಕ್ಕಿನ ಹೆಜ್ಜೆಯಲ್ಲಿ ತನ್ನ ಜಾಗ ಸೇರಿಕೊಳ್ಳುತ್ತಿದ್ದಳು.

ಆ ಪುಟಕ್ಕೊಂದು ಬಾಯಿಮಾತಿನ ನಿಯಮವಿತ್ತು. ಸಿಕ್ಕಿಬಿದ್ದವನು ಊರಿನ ಬಹುಪಾಲು ಜನರ ಪೈಕಿಯವನಾದರೆ ಬರೀ ಕಳ್ಳ, ಬರೀ ಕುಡುಕ. ಅವಳ ಜನರ ಪೈಕಿಯಾದರೆ ತಲೆಬರಹದಲ್ಲೇ ಸಮುದಾಯದ ಹೆಸರು. ಕಚೇರಿಯಲ್ಲಿ ಆ ಸಮುದಾಯದವಳು ಅವಳೊಬ್ಬಳೇ. ಹೆಸರನ್ನು ಹೊಡೆದುಹಾಕಿದರೆ ತನ್ನವರ ಪರ ನಿಂತಳೆನ್ನುವರು, ಕೆಲಸವೂ ಹೋದೀತು. ಅದಕ್ಕೇ ಕಾಗುಣಿತ ನೋಡಿ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಹಿಂದಿನ ಸಲ ಅಂಥ ತಲೆಬರಹ ಬಂದ ಸಂಜೆ ಅವಳ ತಮ್ಮನ ಟೈಲರ್ ಅಂಗಡಿಗೆ ಕಲ್ಲು ಬಿದ್ದಿತ್ತು.

ಇವತ್ತು ಬೆಳಿಗ್ಗೆ ತಮ್ಮ ಫೋನು ಮಾಡಿದ. "ಅಕ್ಕಾ, ನಮ್ಮ ಬೀದಿಯವನೊಬ್ಬನನ್ನ ಮೊಬೈಲ್ ಕದ್ದ ಅಂತ ಹಿಡ್ಕೊಂಡು ಹೋಗಿದ್ದಾರೆ. ನಿಮ್ಮ ಪೇಪರಲ್ಲಿ ಬರುತ್ತಾ?"

"ಬರುತ್ತೆ."

"ನಮ್ಮ ಜನ ಅಂತ ದೊಡ್ಡದಾಗಿ ಹಾಕ್ತಾರಾ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಸರಿ ಬಿಡು, ಬೇಗ ಬಾಗಿಲು ಹಾಕ್ತೀನಿ. ಅಮ್ಮನಿಗೆ ಹೇಳ್ಬೇಡ."

ಮಧ್ಯಾಹ್ನ ಪುಟದ ಪ್ರೂಫ್ ಬಂತು; ಮೊಬೈಲ್ ಕಳ್ಳತನವೇ ಮೇಲಿನ ಸುದ್ದಿ, ತಲೆಬರಹದಲ್ಲಿ ಅವಳ ಸಮುದಾಯದ ಹೆಸರು. ಕ್ರೀಡಾ ಪುಟದವನು ಇಣುಕಿ ನೋಡಿದ. "ಏನ್ ಹೌದಮ್ಮ, ನಿಮ್ಮೋರು ಇವತ್ತು ಎಲ್ಲರಿಗಿಂತ ಮೇಲಿದ್ದಾರೆ. ಸಿಹಿ ಹಂಚಲ್ವಾ?" ಅವಳು ಹಲ್ಲು ಕಾಣಿಸುವಷ್ಟು ನಕ್ಕಳು.

ತಲೆಬರಹದ ಮೇಲೆ ಪೆನ್ನು ಹಿಡಿದು ಕೂತಳು. ಒಂದು ಗೆರೆ ಎಳೆದರೆ ಮುಗಿಯಿತು. ಆ ಗೆರೆ ಕೈಯಿಂದ ಇಳಿಯಲಿಲ್ಲ. ಕೊನೆಗೆ ಅದನ್ನು ಹಾಗೇ ಬಿಟ್ಟು ಕೆಳಗಿನ ಸುದ್ದಿಗಳಿಗೆ ಬಂದಳು. ಚೀಟಿ ಹಣ ನುಂಗಿದವನು, ಕುಡಿದು ಲಾರಿ ಗುದ್ದಿಸಿದವನು, ಹೆಂಡತಿಗೆ ಹೊಡೆದವನು: ಮೂವರೂ ಊರಿನ ಬಹುಪಾಲು ಜನರ ಪೈಕಿ, ಸುದ್ದಿ ಸಂಪಾದಕರ ಸಮುದಾಯದವರೇ. ಮೂರು ತಲೆಬರಹಕ್ಕೂ ಆ ಸಮುದಾಯದ ಹೆಸರನ್ನು ದುಂಡಗೆ ಬರೆದು ಸೇರಿಸಿದಳು.

ಹಾಳೆಯನ್ನು ಸಂಪಾದಕರ ಮೇಜಿನ ಮೇಲಿಟ್ಟಳು. ಅವರು ಓದಿ ತಲೆಯೆತ್ತಿದರು.

"ಏನಮ್ಮ ಇದು, ತಲೆ ಕೆಟ್ಟಿದೆಯಾ?"

"ಪುಟದ ಪದ್ಧತಿ ಸರ್. ಒಂದಕ್ಕೆ ಹಾಕಿದ್ರಲ್ಲ, ಉಳಿದವಕ್ಕೆ ಬಿಟ್ಟುಹೋಗಿತ್ತು."

"ಇದು ಅಚ್ಚಾದ್ರೆ ಸಂಜೆ ಆಫೀಸಿಗೆ ಕಲ್ಲು ಬೀಳುತ್ತೆ, ಗೊತ್ತಾ?"

"ಹೌದು ಸರ್."

ಅಚ್ಚಿನ ಮನೆಯವರು ಪುಟಕ್ಕಾಗಿ ಫೋನು ಮಾಡತೊಡಗಿದ್ದರು. ಸಂಪಾದಕರು ಕೆಂಪು ಪೆನ್ನು ತೆಗೆದರು. ಅವಳು ಸೇರಿಸಿದ ಮೂರನ್ನಷ್ಟೇ ಹೊಡೆಯಬಹುದು, ನಾಲ್ಕನ್ನೂ ಹೊಡೆಯಬಹುದು. ತನ್ನ ಜಾಗಕ್ಕೆ ಓಡಬೇಕೆಂದು ಅವಳ ಮೈಯೆಲ್ಲ ಹೇಳುತ್ತಿತ್ತು.

ಅವರೆದುರಿನ ಕುರ್ಚಿಯಲ್ಲಿ ಅವರು ಹೇಳದೆ ಯಾರೂ ಕೂರುತ್ತಿರಲಿಲ್ಲ. ಅವಳು ಅದನ್ನು ಎಳೆದುಕೊಂಡು ಕೂತಳು, ಪೆನ್ನಿನ ತುದಿಯನ್ನೇ ನೋಡುತ್ತ.