ಎಷ್ಟನೆಯದು ಎಂದು ಕೇಳಿದವರು

ಮುಟ್ಟುವ ಮೊದಲು ಅವರು ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲೂ ತಣ್ಣಗಿರುವ ಕೈ. ಸ್ಪಿರಿಟ್ ತಾಗಿ ತಾಗಿ ಬೆರಳ ತುದಿಗಳ ಸಿಪ್ಪೆ ಎದ್ದಿತ್ತು. ಹುಮನಾಬಾದಿನ ಆ ದವಾಖಾನೆಯಲ್ಲಿ ಎಲ್ಲರೂ ಅವರನ್ನು ನರ್ಸಬಾಯಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನನಗೆ ಮೂರು ಸಲ ಬಸಿರು ನಿಂತು, ಮೂರೂ ಸಲ ಹೋಯಿತು. ಮೂರನೆಯದಕ್ಕೆ ಐದು ತಿಂಗಳು ತುಂಬಿತ್ತು. ಒದೆಯುತ್ತಿತ್ತು, ಒಂದು ದಿನ ಸುಮ್ಮನಾಯಿತು.

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹೋದ ಬಸಿರಿನ ಮಾತೆತ್ತುವ ರೂಢಿಯಿಲ್ಲ. ಎತ್ತಿದರೆ ಮುಂದಿನದಕ್ಕೂ ತಗಲುತ್ತದೆಂಬ ಭಯ. ಹೀಗಾಗಿ ಅತ್ತೆ ಪ್ರತಿ ಸಲ ಬೇರೆ ದವಾಖಾನೆಗೆ ಒಯ್ದು, “ಇದು ಮೊದಲನೇದ್ರಿ” ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಅವರು ಕೆಟ್ಟವರಲ್ಲ, ಹೆದರಿದವರು.

ಮೂರನೆಯದು ಹೋದ ಮೇಲೆ ಹುಮನಾಬಾದಿನಲ್ಲೂ ಅದನ್ನೇ ಹೇಳಿದರು. “ಒಂದ್ಸಲ ಹಿಂಗ ಆಗ್ತದ, ಚಿಂತಿ ಬ್ಯಾಡ,” ಎಂದರು ವೈದ್ಯೆ. ರಕ್ತ ತೆಗೆಯಲು ನರ್ಸಬಾಯಿ ನನ್ನನ್ನು ಒಳಗೆ ಕರೆದರು. ಬಾಗಿಲಾಚೆ ಅತ್ತೆ. ನರ್ಸಬಾಯಿ ಅಂಗೈ ಉಜ್ಜುತ್ತ ಮೆಲ್ಲಗೆ ಕೇಳಿದರು:

“ಖರೇ ಹೇಳ್ರಿ ತಂಗಿ, ಇದು ಎಷ್ಟನೇದು?”

ಮೂರು ಬೆರಳು ತೋರಿಸಿದೆ. ಅವರು ಆ ಮೂರನ್ನೂ ಹಿಡಿದುಕೊಂಡರು.

“ಹೋದವರನ್ನ ಮುಚ್ಚಿಟ್ರ ಬರೋರನ್ನ ಹ್ಯಾಂಗ ಉಳಿಸೋದ್ರಿ?”

ಹಿಡಿದ ಬೆರಳು ಬಿಡದೆ ನನ್ನನ್ನು ಮತ್ತೆ ವೈದ್ಯೆಯ ಮುಂದೆ ನಿಲ್ಲಿಸಿ, ಮೂರು ಹೋದದ್ದನ್ನು ಹೇಳಿದರು.

ನನ್ನ ರಕ್ತ ಪರೀಕ್ಷೆಗೆಂದು ಹೈದರಾಬಾದಿಗೆ ಹೋಯಿತು. ಮೂರು ತಿಂಗಳ ಮೇಲೆ ಇನ್ನೊಮ್ಮೆ. ಎರಡು ಸಲವೂ ಬಂದದ್ದು ಒಂದೇ ಉತ್ತರ. ನರ್ಸಬಾಯಿ ಬಿಡಿಸಿ ಹೇಳಿದರು: “ಮೈಯಾಗ ರೋಗದ ಕೂಡ ಬಡದಾಡೋ ಪಹರೆದವ್ರು ಇರ್ತಾರ. ನಿಮ್ಮೊಳಗ ಅವ್ರು ಮನಿ ಮಂದೀನೇ ಕಳ್ಳರಂತ ತಿಳದಾರ. ರಕ್ತ ಹೆಪ್ಪುಗಟ್ಟಿ ಕೂಸಿಗೆ ಅನ್ನ ಒಯ್ಯೋ ದಾರಿ ಮುಚ್ಚತದ. ನಿಮ್ಮ ತಪ್ಪು ಏನೂ ಇಲ್ರಿ.”

ಯಾವ ಪೂಜೆಯಲ್ಲಿ ಏನು ತಪ್ಪಿದೆನೋ ಎಂದು ವರ್ಷಗಟ್ಟಲೆ ಹುಡುಕಿದವಳು ನಾನು. ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ನಾಲ್ಕನೆಯದು ನಿಂತಾಗ ರಕ್ತ ತೆಳುವಾಗುವ ಸಣ್ಣ ಗುಳಿಗೆ, ದಿನಕ್ಕೊಂದು ಸೂಜಿ ಹೊಟ್ಟೆಗೆ. ಹುಮನಾಬಾದಿನ ತವರಿನಲ್ಲೇ ಉಳಿದೆ. ಡ್ಯೂಟಿಗೆ ಹೋಗುವ ಮೊದಲು ನರ್ಸಬಾಯಿ ಬರುತ್ತಿದ್ದರು. ನೋಡಲು ಬಂದ ಅತ್ತೆ ಗಾಬರಿಯಾದರು: “ಕೂಸಿನ ಕಣ್ಣಿಗೆ ಚುಚ್ಚಾಕತ್ತೀರೇನ್ರಿ?”

“ಕೂಸು ಒಳಗ ಬಾಗಲಾ ಹಾಕ್ಕೊಂಡು ಮಲಗ್ಯದ ಅವ್ವಾ. ನನ್ನ ಸೂಜಿ ಅಂಗಳ ದಾಟಂಗಿಲ್ಲ.”

ಅತ್ತೆ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಪೂಜೆಗೆ ಕೂತರೂ ನನ್ನ ಕೈ ಹೊಟ್ಟೆಯ ಮೇಲೆ, ಮುಂದಿನ ಒದೆತಕ್ಕೆ ಕಾಯುತ್ತ.

ಒಂದು ಮುಂಜಾನೆ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು ಅವರೆಂದರು: “ನನ್ನವೂ ಎರಡು ಹೋದ್ವು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.” ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಮಗಳು ದಿನ ತುಂಬುವ ಮೊದಲೇ ಬಂದಳು, ಅಂಗೈಯಷ್ಟು ಇದ್ದಳು, ಆದರೆ ಅತ್ತಳು. ಈ ಔಷಧ ಎಲ್ಲರ ಕೈಹಿಡಿಯುವುದಿಲ್ಲ ಎಂದು ವೈದ್ಯೆ ಮೊದಲೇ ಹೇಳಿದ್ದರು. ನನ್ನ ಕೈ ಹಿಡಿಯಿತು, ದೇವರು ದೊಡ್ಡವನು. ಆದರೂ ಅವಳು ಅಂಗಳದಲ್ಲಿ ಒಬ್ಬಳೇ ಮಾತಾಡುತ್ತ ಆಡುವಾಗ, ಯಾರ ಕೂಡ ಎಂದು ಕೇಳುವ ಧೈರ್ಯ ನನಗಿಲ್ಲ.

ಹೋದ ಬೇಸಿಗೆಯಲ್ಲಿ ನರ್ಸಬಾಯಿ ತೀರಿಕೊಂಡರು. ಕೊನೆಯ ಸಲ ನೋಡಲು ಹೊರಟಾಗ ಅತ್ತೆಯೂ ಬರುತ್ತೇನೆಂದರು. ನಾನು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ನರ್ಸಬಾಯಿಯ ಪಾದ ಮುಟ್ಟಿದೆ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ವಾಡಿಕೆಯಂತೆ ಕೇಳಿದಳು: “ನಿಮಗ ಮಕ್ಕಳೆಷ್ಟ್ರೀ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು.

“ನಾಲ್ಕ್ರಿ. ಒಂದು ಉಳದದ.”