ತಂಗಿಯ ಬೆನ್ನಿಗಂಟಿದ ಗ್ರಹಣ

ನನ್ನ ತಂಗಿ ಹುಟ್ಟುವಾಗಲೇ ಅವಳ ಸೊಂಟದ ಹಿಂದೆ, ಬೆನ್ನುಮೂಳೆಯ ಮೇಲೆ ನಿಂಬೆಹಣ್ಣಿನಷ್ಟು ಗಂಟಿತ್ತು. ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಉಚ್ಚೆ ಹೋದದ್ದು ತಿಳಿಯುತ್ತಿರಲಿಲ್ಲ. ಒಮ್ಮೆ ನೀರೊಲೆಯ ಕೆಂಡ ತುಳಿದು, ಸುಟ್ಟ ವಾಸನೆ ಬಂದಮೇಲೇ ಪಾದ ನೋಡಿಕೊಂಡಳು. ಆದರೂ ಮನೆಯಲ್ಲಿ ಹೆಚ್ಚು ನಗುತ್ತಿದ್ದವಳು ಅವಳೇ. ಅವಳನ್ನು ಹೆಗಲಿಗೇರಿಸಿಕೊಂಡು ನುಗ್ಗೇಹಳ್ಳಿಯ ಸ್ಕೂಲಿಗೆ ಓಡುತ್ತಿದ್ದ ಬೆಳಗುಗಳು ಈಗಲೂ ಕಣ್ಣಮುಂದಿವೆ.

ತಂಗಿ ಹೊಟ್ಟೆಯಲ್ಲಿದ್ದಾಗ ಅವ್ವ ಗ್ರಹಣದ ಹೊತ್ತಿಗೆ ಸೋರೆಕಾಯಿ ಹೆಚ್ಚಿದ್ದಳಂತೆ. ಅದಕ್ಕೇ ಮಗು ಹೀಗಾಯಿತೆಂದು ಅಜ್ಜಿ ವರ್ಷಗಟ್ಟಲೆ ಆಡಿಕೊಂಡಳು. ಅವ್ವ ಒಂದು ದಿನವೂ ತಿರುಗಿ ಮಾತಾಡಲಿಲ್ಲ.

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಓದಿದವರಲ್ಲಿ ನಾನೇ ಮೊದಲಿಗ. ಹಾಸನದ ಕಾಲೇಜಿನಲ್ಲಿ ಗರ್ಭದೊಳಗೆ ಬೆನ್ನುಹುರಿ ಬೆಳೆಯುವ ಪಾಠ ಮುಗಿದ ದಿನ, ಮೇಷ್ಟ್ರಿಗೆ ತಂಗಿಯ ವಿಷಯ ಹೇಳಿ ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ರಜೆಗೆ ಊರಿಗೆ ಬಂದವನೇ ಒಲೆಯ ಮುಂದಿದ್ದ ಅವ್ವನ ಹತ್ತಿರ ಕುಳಿತೆ.

“ಗ್ರಹಣ ಬಂದಾಗ ನಿಂಗೆ ಎಷ್ಟು ತಿಂಗ್ಳವ್ವ?”

“ಏಳು ಕಣ್ಲಾ. ಯಾಕ್ಲಾ?”

“ಮಗೀನ ಬೆನ್ನುಹುರಿ ಮುಚ್ಕೊಳ್ಳೋದು ಮೊದಲ್ನೇ ತಿಂಗ್ಳಲ್ಲಿ. ಇವಳ್ದು ಆಗ್ಲೇ ಸರಿಯಾಗಿ ಮುಚ್ಕೊಂಡಿಲ್ಲ. ಅದುಕ್ಕೇ ಕಾಲಿಗೆ ಬಲ ಇಲ್ಲ, ಸುಟ್ರೂ ಗೊತ್ತಾಗಕಿಲ್ಲ. ನೀನು ಬಸ್ರಿ ಅಂತ ನಿಂಗೇ ಗೊತ್ತಿರ್ಲಿಲ್ಲ ಆಗ.”

ಪಕ್ಕದಲ್ಲೇ ಕುಳಿತಿದ್ದ ತಂಗಿ ಕಿಸಕ್ಕನೆ ನಕ್ಕಳು. “ಪಾಪ, ಸೋರೆಕಾಯಿ ಏನ್ ಮಾಡೀತು!”

ಅವ್ವ ಊದುಗೊಳವೆ ಕೆಳಗಿಟ್ಟು ಹೊರಗೆ ಜಗಲಿಯ ಕಡೆ ನೋಡಿದಳು.

“ಇನ್ನೊಂದ್ ಸತಿ ಯೋಳ್ಲಾ, ವಸಿ ಗಟ್ಟಿಯಾಗಿ. ನಿಮ್ಮಜ್ಜಿ ಜಗಲೀಲಿ ಕುಂತವ್ರೆ.”

ನಾನು ಬೀದಿಗೇ ಕೇಳುವ ಹಾಗೆ ಹೇಳಿದೆ.