ಇಬ್ಬರಿಗೂ ಒಂದೇ

ಹೋದ ತಿಂಗಳು ನಮ್ಮ ಅಣ್ಣನ ಮಾತನ್ನು ಒಂದು ಪರದೆ ಕೇಳಲಿಲ್ಲ.

ನಿಮಗೆ ಇದು ಸಣ್ಣ ಸುದ್ದಿ ಅನ್ನಿಸಬಹುದು. ನಮ್ಮ ಮನೆತನದಲ್ಲಿ ಇದು ದೊಡ್ಡ ಸುದ್ದಿ. ಮುಂಡರಗಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಅಣ್ಣ ಚನ್ನಬಸಪ್ಪನ ಮಾತನ್ನು ಅಂಗಡಿಯ ಆಳುಗಳು ಕೇಳುತ್ತಾರೆ, ಗಿರಾಕಿಗಳು ಕೇಳುತ್ತಾರೆ, ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳು ಫೋನಿನಲ್ಲೇ ಕೇಳುತ್ತಾರೆ. ಅಂಥವನ ಮಾತನ್ನು ಕಿಟಕಿಗೆ ನೇತಾಡುವ ಬಟ್ಟೆಯೊಂದು ಕೇಳುವುದಿಲ್ಲ ಎಂದರೆ?

ಆದದ್ದು ಹೀಗೆ. ನಾನಿರುವ ಗದಗಿನಲ್ಲಿ ಒಂದು ಬುಟೀಕ್ ಹೋಟೆಲ್ ಶುರುವಾಗಿದೆ. (ಹೆಸರು ಹೇಳುವುದಿಲ್ಲ. ಪತ್ರಿಕೆಯ ಜಾಹೀರಾತು ವಿಭಾಗದವರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ.) ಬುಟೀಕ್ ಎಂದರೇನು ಎಂದು ನಾನೂ ಕೇಳಿದೆ. ಕೋಣೆ ಕಡಿಮೆ, ಕಕ್ಕುಲಾತಿ ಹೆಚ್ಚು, ಅಷ್ಟೇ. ಯಾರೋ ಸಾಹುಕಾರರ ಹಳೆಯ ಹತ್ತಿ ಗೋದಾಮನ್ನು ತಿಕ್ಕಿ ತೊಳೆದು, ಗೋಡೆಯ ಕಲ್ಲು ಕಾಣುವ ಹಾಗೆ ಬಿಟ್ಟು, ಒಳಗೆ ಮಾತ್ರ ಎಲ್ಲ ಬಗೆಯ ಯಂತ್ರ ತುಂಬಿದ್ದಾರೆ. ಬಾಗಿಲಿಗೆ ಕೀಲಿಕೈ ಇಲ್ಲ, ಫೋನು ತೋರಿಸಿದರೆ ತೆರೆಯುತ್ತದೆ. ಬಚ್ಚಲುಮನೆಯ ಕನ್ನಡಿಯಲ್ಲಿ ಹವಾಮಾನ ಮೂಡುತ್ತದೆ. ಗದಗಿನಲ್ಲಿ ಈಗ ಗಾಳಿ ಬೀಸುತ್ತಿದೆ ಎಂದು ಅದು ನನಗೆ ತಿಳಿಸಿತು. (ಗುಡ್ಡದ ಮೇಲಿನ ಗಾಳಿಯಂತ್ರಗಳು ಕಿಟಕಿಯಿಂದಲೇ ಕಾಣುತ್ತಿದ್ದವು. ಇರಲಿ.)

ಅಣ್ಣ-ವೈನಿಯ ಮೂವತ್ತೈದನೆಯ ಲಗ್ನದ ದಿನ ಬಂತಲ್ಲ, ಈ ಸಲ ಸೀರೆ, ಶಲ್ಯ ಬೇಡ, ಒಂದು ದಿನದ ವಾಸ್ತವ್ಯವನ್ನೇ ಉಡುಗೊರೆ ಕೊಡೋಣ ಎಂದು ನಾನು ಅಲ್ಲಿ ರೂಮ್ ಬುಕ್ ಮಾಡಿದೆ. ವೈನಿಯ ಹೆಸರು ಕಸ್ತೂರಿ. ಬಾಳೆಹೊಸೂರಿನ ಒಕ್ಕಲುತನದ ಮನೆಯ ಮಗಳು. ಮದುವೆ, ಮುಂಜಿ, ಬಾಣಂತನ ಬಿಟ್ಟರೆ ಬೇರೆ ಕಾರಣಕ್ಕೆ ಮನೆ ಬಿಟ್ಟು ಮಲಗಿದವಳಲ್ಲ. ಹೋಟೆಲಿನಲ್ಲಂತೂ ಇಲ್ಲವೇ ಇಲ್ಲ.

ಬುಕ್ ಆದ ಮರುದಿನ ಹೋಟೆಲಿನಿಂದ ಅಣ್ಣನಿಗೆ ಫೋನು ಹೋಯಿತು. ಮಾಡಿದವಳು ಆಫ್ರೀನ್, ಬೆಟಗೇರಿಯ ಹುಡುಗಿ. ಅತಿಥಿಗಳ ಇಷ್ಟಾನಿಷ್ಟಗಳನ್ನು ಮೊದಲೇ ತಿಳಿದುಕೊಂಡು ಕೋಣೆ ಸಜ್ಜು ಮಾಡುವುದೇ ಅವಳ ಕೆಲಸ. ಹೌದು, ಅದಕ್ಕೂ ಈಗ ಒಂದು ನೌಕರಿ ಇದೆ. ದಿಂಬು ಮೆತ್ತಗೆ ಬೇಕೋ ಗಟ್ಟಿ ಬೇಕೋ? ಚಹಾ ಹೇಗಿರಬೇಕು? ಕೋಣೆ ತಂಪಿರಬೇಕೋ ಬೆಚ್ಚಗಿರಬೇಕೋ? ಯಾವ ಹೂವಿನ ಪರಿಮಳ? ಬೆಳಿಗ್ಗೆ ಎಷ್ಟಕ್ಕೆ ಎಬ್ಬಿಸಬೇಕು?

ಅಣ್ಣ ಅಂಗಡಿಯ ಗಲ್ಲೆಯ ಮೇಲೆ ಕುಳಿತೇ ಉತ್ತರ ಕೊಟ್ಟನಂತೆ. ಗಟ್ಟಿ ದಿಂಬು. ಯಾಲಕ್ಕಿ ಹಾಕಿದ ಚಹಾ. ಕೋಣೆ ತಂಪು. ಮಲ್ಲಿಗೆ. ನಸುಕಿನಲ್ಲಿ ಎಬ್ಬಿಸಬೇಕು. ಮೇಡಂ ಅವರಿಗೆ ಏನು ಬೇಕು ಎಂದು ಆ ಹುಡುಗಿ ಪ್ರತಿ ಸಲ ಕೇಳಿದಾಗಲೂ ಒಂದೇ ಮಾತು: ಇಬ್ಬರಿಗೂ ಒಂದೇ.

ಇದರಲ್ಲಿ ಅವನ ಸೊಕ್ಕೇನೂ ಇರಲಿಲ್ಲ. ಅದು ಅವನ ಹೆಮ್ಮೆ. ನೆಂಟರ ಮದುವೆಯಲ್ಲಿ ಹೊಸ ಜೋಡಿಗೆ ಅಕ್ಕಿಕಾಳು ಹಾಕಿ ಅವನು ತಪ್ಪದೆ ಹೇಳುವ ಮಾತಿದೆ: ನಾನೂ ಇವಳೂ ಇಷ್ಟು ವರ್ಷದಲ್ಲಿ ಒಂದು ದಿನ ಭೇದ ಮಾಡಿಲ್ಲ, ನನಗೆ ಸೇರಿದ್ದು ಇವಳಿಗೆ ಸೇರುತ್ತದೆ, ಹಾಗಿರಿ. ವೈನಿ ಪಕ್ಕದಲ್ಲಿ ನಿಂತು ನಗುತ್ತಾಳೆ. ಫೋಟೋ ಚೆನ್ನಾಗಿ ಬರುತ್ತದೆ.

ಹೋಟೆಲಿಗೆ ಅವರನ್ನು ಮುಟ್ಟಿಸಲು ನಾನೇ ಹೋದೆ. ಕೋಣೆ ನೋಡಿ ಅಣ್ಣ ಖುಷಿಯಾದ. ದಿಂಬಿನ ಚೀಲದ ಮೇಲೆ ದಾರದಲ್ಲಿ ಹೆಸರು ಕಸೂತಿ ಮಾಡಿಸಿದ್ದರು. ಒಂದರ ಮೇಲೆ ‘ಚನ್ನಬಸಪ್ಪ’. ಇನ್ನೊಂದರ ಮೇಲೆ ‘ಮಿಸೆಸ್ ಚನ್ನಬಸಪ್ಪ’. ವೈನಿ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಹೊಲಿಗೆ ಭಾಳ ನಾಜೂಕಾಗಿದೆ ಎಂದಳು. ಹೆಸರಿನ ಬಗ್ಗೆ ಏನೂ ಅನ್ನಲಿಲ್ಲ.

ಆಗಲೇ ಪರದೆಯ ಪ್ರಸಂಗ ನಡೆದದ್ದು. ಮಾತಿನಲ್ಲಿ ಹೇಳಿದರೆ ಸಾಕು, ಪರದೆ ತಾನೇ ಸರಿಯುತ್ತದೆ ಎಂದು ಆಫ್ರೀನ್ ತಿಳಿಸಿದ್ದಳು. ಅಣ್ಣ ಕೋಣೆಯ ನಡುವೆ ನಿಂತು ಪರದಾ ಸರಸು ಎಂದ. ಪರದೆ ಮಿಸುಕಲಿಲ್ಲ. ಮೇಜಿನ ಮೇಲಿದ್ದ ಸಣ್ಣ ಡಬ್ಬಿಯೊಂದು ತೀರಾ ನಯವಾದ ಬೆಂಗಳೂರು ಕನ್ನಡದಲ್ಲಿ, ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ ಎಂದಿತು. ಅಣ್ಣ ದನಿ ಏರಿಸಿದ. ಡಬ್ಬಿ ಮತ್ತೆ ಕ್ಷಮೆ ಕೇಳಿತು. ಅಂಗಡಿಯ ಆಳಿಗೆ ಕೂಗುವ ದನಿಯಲ್ಲಿ ಇನ್ನೊಮ್ಮೆ ಹೇಳಿದ. ದೀಪ ಆರಿತು.

ಕತ್ತಲಲ್ಲಿ ವೈನಿಯ ದನಿ ಬಂತು. ಶಾಲೆಯ ಪಾಠ ಓದುವ ಹಾಗೆ, ಮೆಲ್ಲಗೆ, “ದಯವಿಟ್ಟು ಪರದೆಯನ್ನು ತೆರೆಯಿರಿ.”

ಪರದೆ ಸರ್ರನೆ ಸರಿಯಿತು. ಬೆಳಕು ಬಿತ್ತು. ವೈನಿ ಎಷ್ಟು ನಕ್ಕಳೆಂದರೆ ಹಾಸಿಗೆಯ ಮೇಲೆ ಕುಳಿತುಬಿಟ್ಟಳು. ಆಮೇಲೆ ಅದನ್ನು ಮುಚ್ಚಿಸಿದಳು, ತೆರೆಸಿದಳು, ಮತ್ತೆ ಮುಚ್ಚಿಸಿದಳು. ಹೇಳಿದ ತಕ್ಷಣ ಒಂದು ವಸ್ತು ತನ್ನ ಮಾತು ಕೇಳಿದ್ದು ಅವಳಿಗೆ ಹೊಸದಿತ್ತೇನೋ. ಆ ಹೊತ್ತಿಗೆ ನನಗೆ ಅದು ತಮಾಷೆಯಾಗಿಯೇ ಕಂಡಿತು.

ಹೊರಡುವ ಮುನ್ನ ಆಫ್ರೀನ್ ಹಾಸಿಗೆಯ ಗುಟ್ಟನ್ನೂ ಹೇಳಿಕೊಟ್ಟಳು. ಅದು ಇಬ್ಬರು ಮಲಗುವ ಹಾಸಿಗೆಯೇ, ಆದರೆ ಎರಡು ಬದಿಗೂ ಬೇರೆ ಬೇರೆ ಶಾಖ. ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ. ಈಗ ಎರಡೂ ಸಾಹೇಬರು ಹೇಳಿದ ಹಾಗೆ ತಂಪಾಗಿದೆ, ಬೇಕಾದರೆ ಬದಲಿಸಿಕೊಳ್ಳಬಹುದು ಎಂದಳು. ಅಣ್ಣ ಕೇಳಿಸಿಕೊಳ್ಳಲಿಲ್ಲ, ಡಬ್ಬಿಗೆ ಕನ್ನಡ ಕಲಿಸುತ್ತಿದ್ದ. ವೈನಿ ಕೇಳಿಸಿಕೊಂಡಳು.

ಮರುದಿನ ನಾಷ್ಟಾಕ್ಕೆ ನಾನು ಮತ್ತೆ ಅಲ್ಲಿಗೆ ಹೋದೆ. ಮೂವರೂ ಲಕ್ಷ್ಮೇಶ್ವರಕ್ಕೆ ಹೋಗಿ, ಸೋಮೇಶ್ವರನ ದರ್ಶನ ಮಾಡಿಕೊಂಡು, ಶಿರಹಟ್ಟಿ ಮೇಲೆ ಮುಂಡರಗಿ ಮುಟ್ಟುವುದೆಂದು ಮಾತಾಗಿತ್ತು. ವೈನಿಯ ಮುಖ ನೋಡಿದೆ. ಬಿಸಿಲು ಏರುವ ತನಕ ಮಲಗಿದ್ದಳಂತೆ. ಎಬ್ಬಿಸಲು ಬಂದ ಫೋನನ್ನು ಅಣ್ಣನೇ ಎತ್ತಿದ್ದನಂತೆ, ಇವಳಿಗೆ ಎಚ್ಚರವೇ ಆಗಿರಲಿಲ್ಲ. ಹತ್ತು ವರ್ಷ ಸಣ್ಣವಳಾದಂತೆ ಕಾಣುತ್ತಿದ್ದಳು.

ಆಫ್ರೀನ್ ಚಹಾದ ಟ್ರೇ ಹಿಡಿದು ಬಂದಳು. ನಿದ್ದೆ ಚೆನ್ನಾಗಿ ಬಂತೇ ಎಂದು ವಿಚಾರಿಸಿದಳು. ಹೋಟೆಲಿನ ವ್ಯವಸ್ಥೆ ಎಲ್ಲ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಬಂದಾಗ ಮೇಡಂ ಅವರ ಬದಿ ಬೆಚ್ಚಗೇ ಇರುತ್ತದೆ ಎಂದಳು.

ಅಣ್ಣ ಕಪ್ಪು ಕೆಳಗಿಟ್ಟ. “ಬೆಚ್ಚಗ ಯಾಕ? ನಾ ತಂಪ ಅಂತ ಹೇಳಿದ್ನಲ್ಲ.”

ಆಫ್ರೀನ್ ನನ್ನ ಮುಖ ನೋಡಿದಳು, ನಾನು ಉಪ್ಪಿಟ್ಟಿನ ಮುಖ ನೋಡಿದೆ. ಕೊನೆಗೆ ವೈನಿಯೇ ಹೇಳಿದಳು.

“ನನಗ ಥಂಡಿ ಆಗತೈತ್ರಿ.”

“ಯಾವಾಗಿಂದ?”

“ಲಗ್ನ ಆದಾಗಿಂದ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಹವಾಮಾನ ಹೇಳುವ ಕನ್ನಡಿಯ ಹಾಗೆ, ಇದ್ದದ್ದು ಹೇಳಿದಳು. ಅಣ್ಣನಿಗೆ ಚಳಿಗಾಲದಲ್ಲೂ ಮೇಲಿನ ಫ್ಯಾನು ಜೋರಾಗಿ ತಿರುಗಬೇಕು, ನಮಗೆಲ್ಲ ಗೊತ್ತು. ವೈನಿ ಎರಡು ಕೌದಿ ಹೊದ್ದು ಮಲಗುತ್ತಾಳೆ, ಅದೂ ಗೊತ್ತು. ಅವಳಿಗೆ ಕೌದಿ ಅಂದರೆ ಇಷ್ಟ ಎಂದು ನಾವು ತಿಳಿದಿದ್ದೆವು. ಲಗ್ನದ ದಿನಕ್ಕೆ ಒಮ್ಮೆ ಕೌದಿಯನ್ನೇ ಉಡುಗೊರೆ ಕೊಟ್ಟಿದ್ದೂ ಉಂಟು.

ಒಂದು ಮಾತು ಬಿಚ್ಚಿಕೊಂಡರೆ ಮುಂದಿನದು ತಾನೇ ಬರುತ್ತದೆ. ಅವಳ ಚಹಾ ಹಾಗೇ ಇತ್ತು, ಕೆನೆ ಕಟ್ಟಿತ್ತು. ಬೇರೆ ತರಲೇ ಎಂದು ಆಫ್ರೀನ್ ಕೇಳಿದಳು. ನನಗೆ ಯಾಲಕ್ಕಿ ವಾಸನೆ ಸೇರುವುದಿಲ್ಲವ್ವಾ ಎಂದಳು ವೈನಿ. ಅಷ್ಟೂ ವರ್ಷ ಮುಂಡರಗಿಯ ಅಡುಗೆಮನೆಯಲ್ಲಿ ತಾನೇ ನಿಂತು ಯಾಲಕ್ಕಿ ಕುಟ್ಟಿ ಚಹಾ ಕುದಿಸಿದವಳು.

ಅಣ್ಣ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. ಯಾಕೆ ಹೇಳಲಿಲ್ಲ ಎಂದು ಸಣ್ಣ ದನಿಯಲ್ಲಿ ಕೇಳಿದ. ವೈನಿ ಖರೇನೇ ವಿಚಾರ ಮಾಡಿದಳು. ಆಮೇಲೆ, “ಹೇಳೂ ಅಂಥಾದ್ದೇನಿತ್ರಿ ಅದರಾಗ,” ಎಂದಳು.

ಕಾರು ಹೊರಟಿತು. ಲಕ್ಷ್ಮೇಶ್ವರದ ತನಕ ದಾರಿಯ ಎರಡೂ ಬದಿಯ ಹೊಲಗಳಿಗೆ ಟೀಕೆ ಮಾಡುತ್ತ ಬರುವ ಮನುಷ್ಯ, ಬಾಯಿಗೆ ಬೀಗ ಹಾಕಿಕೊಂಡು ಸ್ಟಿಯರಿಂಗ್ ಹಿಡಿದಿದ್ದ. ನಾನು ಹಿಂದೆ ಕುಳಿತು ತಲೆಕೆಟ್ಟು ನನ್ನ ಗಂಡನಿಗೆ ಒಂದು ಮೆಸೇಜು ಕಳಿಸಿದೆ: ನನಗೆ ಯಾವ ಬಣ್ಣ ಇಷ್ಟ ಹೇಳಿ. ಉತ್ತರ ಕೂಡಲೇ ಬಂತು: ಸಿಟ್ಟು ಯಾಕೆ ಬಂದಿದೆ?

ಗುಡಿಯಲ್ಲಿ ವೈನಿ ಪ್ರದಕ್ಷಿಣೆ ಹಾಕುತ್ತಿದ್ದಾಗ ಅಣ್ಣ ಕಲ್ಲಿನ ಕಟ್ಟೆಯ ಮೇಲೆ ನನ್ನ ಹತ್ತಿರ ಬಂದು ಕುಳಿತ. ಎದುರಿನ ಗೋಡೆಯ ಕೆತ್ತನೆ ನೋಡುತ್ತಲೇ ಕೇಳಿದ.

“ಅಂದ್ರ ನಾ ಇಷ್ಟ ದಿನಾ ಯಾರ ಜೋಡಿ ಸಂಸಾರ ಮಾಡೀನಿ?”

ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ನಾನು ಅವನಿಗೆ ಏನು ಹೇಳಲಿ? ಅವನು ಕೆಟ್ಟ ಗಂಡನಲ್ಲ. ವೈನಿಗೆ ಜ್ವರ ಬಂದರೆ ಅಂಗಡಿ ಮುಚ್ಚಿ ತಲೆದೆಸೆಯಲ್ಲಿ ಕುಳಿತುಕೊಳ್ಳುವವನು. ಪ್ರೀತಿಗೆ ಕೊರತೆಯಿರಲಿಲ್ಲ. ಕೇಳುವ ರೂಢಿ ಇರಲಿಲ್ಲ, ಅಷ್ಟೇ.

ಹೋಟೆಲಿನವರು ಯಾಕೆ ಕೇಳುತ್ತಾರೆ? ನಾವು ಬಿಟ್ಟು ಹೋಗುತ್ತೇವೆ ಎಂಬ ಭಯ ಅವರಿಗೆ. ದಿಂಬು ಗಟ್ಟಿಯಾದರೆ ಮುಂದಿನ ಸಲ ಬೇರೆ ಹೋಟೆಲು. ಅದಕ್ಕೇ ದಿಂಬಿಗೊಂದು ಮೆನು, ಹಾಸಿಗೆಗೆ ಎರಡು ಗುಂಡಿ, ನಮ್ಮ ಚಹಾದ ಸಕ್ಕರೆಯನ್ನೂ ಮರೆಯದ ಕಂಪ್ಯೂಟರು. ಇದೆಲ್ಲ ವ್ಯಾಪಾರ, ಗೊತ್ತು. ನಾಳೆ ಇದೇ ಮಾಹಿತಿಯನ್ನು ಯಾರಿಗೆ ಮಾರುತ್ತಾರೋ ಎಂಬ ಅನುಮಾನವೂ ನನಗುಂಟು. ಆದರೂ ವ್ಯಾಪಾರಕ್ಕಾಗಿಯಾದರೂ ಕೇಳಿದರಲ್ಲ? ಮನೆಯಿಂದ ಯಾರೂ ಚೆಕ್‌ಔಟ್ ಮಾಡುವುದಿಲ್ಲ ಎಂಬ ಧೈರ್ಯ ನಮ್ಮದು.

ಶಿರಹಟ್ಟಿಯಲ್ಲಿ ಒಂದು ಖಾನಾವಳಿಯ ಹತ್ತಿರ ಅಣ್ಣ ಕಾರು ನಿಲ್ಲಿಸಿದ. ಖಾರ ತಿಂದರೆ ಅವನ ಹೊಟ್ಟೆ ಉರಿಯುವುದರಿಂದ ಮನೆಯಲ್ಲಿ ಎಲ್ಲರಿಗೂ ಸಪ್ಪನ ಅಡುಗೆ. ಹೊರಗೆ ಹೋದರೂ ಎಲ್ಲರಿಗೂ ಅವನೇ ಹೇಳುತ್ತಾನೆ. ಅವತ್ತು ಬಾಯಿ ತೆರೆದವನು ಹಾಗೇ ನಿಂತ. ವೈನಿಯ ಕಡೆ ತಿರುಗಿ ಏನು ತರಿಸಲಿ ಎಂದು ಕೇಳಿದ.

ವೈನಿ ಗೋಡೆಯ ಮೇಲಿನ ತಿಂಡಿಗಳ ಹೆಸರು ಓದಿದಳು. ಪಕ್ಕದ ಮೇಜಿನವರ ತಾಟು ನೋಡಿದಳು. ಮಾಣಿ ಬೇರೆಯವರಿಗೆ ನೀರಿಟ್ಟು, ಬಿಲ್ಲು ಕೊಟ್ಟು ಮತ್ತೆ ಬಂದು ನಿಂತ. ಅಣ್ಣ ಅವಸರ ಮಾಡಲಿಲ್ಲ. ಅವನಿಗೆ ಅದು ಎಷ್ಟು ಕಷ್ಟವಾಯಿತೆಂದು ಮೇಜಿನ ಮೇಲೆ ಕುಣಿಯುತ್ತಿದ್ದ ಬೆರಳು ಹೇಳುತ್ತಿತ್ತು. ಕೊನೆಗೆ ವೈನಿ ಗಿರಮಿಟ್ಟು ಹೇಳಿದಳು, ಖಾರ ಹೆಚ್ಚಿಗೆ, ಜೊತೆಗೆ ಮಿರ್ಚಿ ಬಜಿ.

ತಿನ್ನುತ್ತ ತಿನ್ನುತ್ತ ಅವಳ ಕಣ್ಣು, ಮೂಗು ಎರಡೂ ಸುರಿದವು. ಸೆರಗಿನಿಂದ ಒರೆಸಿಕೊಂಡು ಮತ್ತೆ ತಿಂದಳು. ಅಣ್ಣ ತನ್ನ ಇಡ್ಲಿ ಬಿಟ್ಟು ಅವಳನ್ನೇ ನೋಡುತ್ತ ಕುಳಿತಿದ್ದ. ಆಮೇಲೆ ಅವಳ ತಾಟಿನಿಂದ ಒಂದು ಬಜಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ಕೆಮ್ಮಿದ. ಅವಳು ನೀರಿನ ಲೋಟ ಮುಂದೆ ಸರಿಸಿದಳು. ಮುಂಡರಗಿ ಮುಟ್ಟುವಷ್ಟರಲ್ಲಿ ಹೊಲಗಳ ಟೀಕೆ ಮತ್ತೆ ಶುರುವಾಗಿತ್ತು.

ಆಮೇಲಿನ ಸುದ್ದಿ ಎಲ್ಲ ಫೋನಿನಲ್ಲಿ ಬಂದದ್ದು. ಅಣ್ಣ ಅಂಗಡಿಯಿಂದ ಒಂದು ಸಣ್ಣ ಟೇಬಲ್ ಫ್ಯಾನು ತಂದು ತನ್ನ ಬದಿಗೆ ಇಟ್ಟುಕೊಂಡಿದ್ದಾನೆ. ಮೇಲಿನ ಫ್ಯಾನು ಬಂದ್. ಚಹಾ ಈಗ ಎರಡು ಪಾತ್ರೆಯಲ್ಲಿ ಕುದಿಯುತ್ತದೆ. ಎರಡು ಪಾತ್ರೆ ತಿಕ್ಕುವವಳು ನಾನೇ ಎಂದು ವೈನಿ ನಕ್ಕಳು. (ಅದೂ ಬದಲಾಗಲಿ, ನೋಡೋಣ.)

ಮೊನ್ನೆ ಸೋಮವಾರ ಅಂಗಡಿಯ ಹೊತ್ತಿನಲ್ಲೇ ಅಣ್ಣನ ಫೋನು ಬಂತು. ಹಿಂದೆ ನೀರಿನ ಸದ್ದು ಕೇಳುತ್ತಿತ್ತು. ಕೊರ್ಲಹಳ್ಳಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಇದ್ದಾನಂತೆ. ಹಡಗಲಿ ಕಡೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ಈ ಹೊಳೆ ನೋಡಿದ್ದೇನೆ, ಒಮ್ಮೆ ಇಳಿದು ಕಾಲು ಇಳಿಬಿಟ್ಟು ಕೂರಬೇಕು ಎಂದು ವೈನಿ ಹೇಳಿದಳಂತೆ. ಬುತ್ತಿ ಕಟ್ಟಿಕೊಂಡು ಬಂದಿದ್ದಾರೆ. ಮನೆಗೆ ಹೋಗೋಣ ಎಂದರೆ ಇನ್ನೊಂದು ತಾಸು ಅನ್ನುತ್ತಿದ್ದಾಳೆ.

“ಆಕಿಗೆ ಹೊಳಿ ಅಂದ್ರ ಭಾಳ ಸೇರತೈತಂತ,” ಎಂದ ಅಣ್ಣ, ಊರಿಗೆಲ್ಲ ಹಂಚಬೇಕಾದ ಖಬರಿನ ಹಾಗೆ. “ನಿನಗ ಗೊತ್ತಿತ್ತೇನು?”

ನನಗೂ ಗೊತ್ತಿರಲಿಲ್ಲ. ಮುಂಡರಗಿಯಿಂದ ಆ ಹೊಳೆಗೆ ಕಾರಿನಲ್ಲಿ ಅರ್ಧ ತಾಸೂ ಬೇಕಾಗಿಲ್ಲ. ಮೂವತ್ತೈದು ವರ್ಷ ಯಾಕೆ ಹಿಡಿಯಿತು?